ಶಹಾತ ಉಳಿಸಿದ ಬಾಟಲಿ

ರೈಲು ನಿಲ್ದಾಣದಿಂದ ನಮ್ಮ ಲಸಿಕೆ ಪ್ರಯೋಗಾಲಯದ ಗೇಟಿಗೆ ಆರುನೂರು ಹೆಜ್ಜೆ. ಸಾಮಾನ್ಯ ಮನುಷ್ಯರಿಗೆ ಎಂಟು ನಿಮಿಷದ ದಾರಿ. ಉಸ್ತಾ, ಅಂದರೆ ಮೇಸ್ತ್ರಿ, ಎಂದು ನಾವು ಕರೆಯುತ್ತಿದ್ದ ಶಹಾತನಿಗೆ ಮುಕ್ಕಾಲು ಗಂಟೆ ಬೇಕು. ದಾರಿಯಲ್ಲಿ ಬಿದ್ದ ಒಂದೊಂದು ರೊಟ್ಟಿ ತುಂಡನ್ನೂ ಅವನು ಬಗ್ಗಿ ಎತ್ತುತ್ತಿದ್ದ. ಧೂಳು ಊದಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಯಾರ ಕಾಲೂ ಸೋಕದ ಹಾಗೆ ಗೋಡೆಯ ಮೇಲೋ ಕಿಟಕಿಯ ದಂಡೆಯ ಮೇಲೋ ಇಡುತ್ತಿದ್ದ. ಇದು ನಮಗೆಲ್ಲ ಅಜ್ಜಿಯರು ಕಿವಿ ಹಿಂಡಿ ಕಲಿಸಿದ ಪಾಠವೇ. ಆದರೆ ನಾವು ಯಾರಾದರೂ ನೋಡುತ್ತಿದ್ದರೆ ಎತ್ತುತ್ತೇವೆ. ಶಹಾತ ಯಾರೂ ನೋಡದಿದ್ದಾಗಲೂ ಎತ್ತುತ್ತಿದ್ದ, ಹಿಂದಿನ ದಿನ ತಾನೇ ಇಟ್ಟದ್ದು ಗಾಳಿಗೆ ಕೆಳಗೆ ಬಿದ್ದಿದ್ದರೆ ಅದನ್ನೂ ಎತ್ತುತ್ತಿದ್ದ.

ಇಂಥ ಮನುಷ್ಯನ ಸುತ್ತ ಪುರಾಣ ಹುಟ್ಟದೆ ಇರುತ್ತದೆಯೇ? ನಮ್ಮೂರು ದಮನ್‌ಹೂರಿನ ಗುಬ್ಬಚ್ಚಿಗಳು ಅವನ ರಜೆಯ ದಿನ ನೋಡಿಕೊಂಡು ಉಪವಾಸ ಹಿಡಿಯುತ್ತವೆ ಎಂದರು. ಒಮ್ಮೆ ಹಳಿಯ ಮೇಲೆ ತುಂಡೊಂದನ್ನು ಕಂಡು ಅವನು ಕೈರೋ ಎಕ್ಸ್‌ಪ್ರೆಸ್ಸಿಗೇ ಕೈ ಅಡ್ಡ ಹಿಡಿದನಂತೆ, ಚಾಲಕ ಇಳಿದು ಬಂದು ತಾನೂ ಮುತ್ತಿಟ್ಟು ಹೋದನಂತೆ. ಈ ಕೊನೆಯ ಕಥೆ ಕಟ್ಟಿದವನು ನಾನೇ, ಪ್ರಯೋಗಾಲಯದ ಉಗ್ರಾಣದ ವಜ್ದಿ. ರೈಲು ನಿಂತದ್ದೇನೋ ನಿಜ. ಸಿಗ್ನಲ್ ಕೆಟ್ಟಿತ್ತು.

ಅವನ ಹೆಸರಿಗೂ ಒಂದು ಪುರಾಣವಿತ್ತು, ಅದು ಮಾತ್ರ ನಾನು ಕಟ್ಟಿದ್ದಲ್ಲ. ಅವನಿಗಿಂತ ಮೊದಲು ಹುಟ್ಟಿದ ನಾಲ್ಕು ಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಐದನೆಯದು ಉಳಿಯಲಿ ಎಂದು ತಾಯಿ ಏಳು ಮನೆಯ ಬಾಗಿಲಲ್ಲಿ ನಿಂತು ಹಳೆಯ ಬಟ್ಟೆ ಬೇಡಿ ತಂದು ಮಗುವಿಗೆ ಸುತ್ತಿದಳು. ಬೇಡಿ ತಂದವನು ಎಂಬ ಅರ್ಥದ ಹೆಸರನ್ನೇ ಇಟ್ಟಳು. ಸಾವು ಬಂದು ಇಣುಕಿ, ಇದು ಯಾರದೋ ಚಿಂದಿಯ ಗಂಟು ಎಂದುಕೊಂಡು ಮುಂದಿನ ಮನೆಗೆ ಹೋಯಿತು. ಹಾಗೆ ಉಳಿದವನು ನಮ್ಮ ಶಹಾತ.

ಪ್ರಯೋಗಾಲಯದಲ್ಲಿ ಅವನ ಕೆಲಸ ಕೋಶ ಸಾಕುವುದು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಮರಿಯ ಮೂತ್ರಪಿಂಡದಿಂದ ಯಾವ ದೇಶದಲ್ಲೋ ಯಾವ ಕಾಲದಲ್ಲೋ ತೆಗೆದ ಜೀವಕೋಶಗಳವು. ಆ ಪ್ರಾಣಿ ಎಂದೋ ಮಣ್ಣಾಗಿದ್ದರೂ ಇವು ಗಾಜಿನ ಬಾಟಲಿಯ ಒಳಮೈಗೆ ಅಂಟಿಕೊಂಡು, ಗುಲಾಬಿ ಬಣ್ಣದ ಸಾರು ಕುಡಿದು, ಒಂದು ಎರಡಾಗಿ, ಎರಡು ನಾಲ್ಕಾಗಿ ಬದುಕುತ್ತಿದ್ದವು. ಚೆನ್ನಾಗಿ ಉಂಡರೆ ಸಾರು ಹಳದಿಗೆ ತಿರುಗುತ್ತದೆ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, “ಇವಕ್ಕೆ ಹಸಿವು” ಎಂದೋ “ಇವಕ್ಕೆ ಅಜೀರ್ಣ” ಎಂದೋ ಅವನು ಹೇಳುತ್ತಿದ್ದ. ಡಾಕ್ಟರುಗಳು ಸೂಕ್ಷ್ಮದರ್ಶಕದಲ್ಲಿ ಅರ್ಧ ಗಂಟೆ ನೋಡಿ ಅದನ್ನೇ ಬರೆದುಕೊಳ್ಳುತ್ತಿದ್ದರು.

ಹೀಗೆ ಇಪ್ಪತ್ತೆರಡು ವರ್ಷ ಮಕ್ಕಳ ಹಾಗೆ ಸಾಕಿ ಅವನು ಕಳಿಸುತ್ತಿದ್ದದ್ದು ಪಕ್ಕದ ಕೋಣೆಗೆ. ಅಲ್ಲಿ ಕಾಲುಬಾಯಿ ಜ್ವರದ ವೈರಸ್ ಹಾಕುತ್ತಿದ್ದರು. ಮರುದಿನದ ಹೊತ್ತಿಗೆ ಕೋಶಗಳೆಲ್ಲ ಉಂಡೆಗಟ್ಟಿ, ಗಾಜಿನಿಂದ ಕಳಚಿ, ಒಡೆದು ತೇಲುತ್ತಿದ್ದವು. ಆ ನೀರನ್ನು ಸೋಸಿ, ಔಷಧಿ ಹಾಕಿ ವೈರಸ್ಸನ್ನೂ ಕೊಂದರೆ ದನಗಳಿಗೆ ಲಸಿಕೆ. ಆ ಕೋಣೆಯವರು ಸ್ನಾನ ಮಾಡದೆ ಹೊರಗೆ ಬರುವಂತಿಲ್ಲ, ಐದು ದಿನ ದನದ ಹತ್ತಿರ ಸುಳಿಯುವಂತಿಲ್ಲ. ಶಹಾತ ಈಚೆಯ ಶುದ್ಧ ಕೋಣೆಯವನಾದ್ದರಿಂದ ಅವನಿಗೆ ಈ ಕಟ್ಟುಪಾಡಿರಲಿಲ್ಲ. ಸಂಜೆಯ ರೈಲು ಹತ್ತಿ ಕಫ್ರ್ ನಖ್ಲ ಎಂಬ ತನ್ನ ಹಳ್ಳಿಗೆ ಹೋಗಿ, ತೊಟ್ಟ ಅಂಗಿಯಲ್ಲೇ ಫುಲ್ಲಾ ಎಂಬ ತನ್ನ ಎಮ್ಮೆಯ ಹಾಲು ಕರೆಯುತ್ತಿದ್ದ.

ಸಾರು ಬಸಿದು ತಳದಲ್ಲಿ ಒಂದಿಷ್ಟು ಮಾತ್ರ ಉಳಿದ ಬಾಟಲಿಗಳು ಆ ಕೋಣೆಯಿಂದ ಬಿರಡೆ ಹಾಕಿಸಿಕೊಂಡು, ತಗಡಿನ ಪೆಟ್ಟಿಗೆಯಲ್ಲಿ, ಗೋಡೆಯ ಗೂಡಿನ ಮೂಲಕ ಈಚೆಗೆ ಬರುತ್ತಿದ್ದವು. ಅವನ್ನು ಬಿರಡೆ ತೆಗೆಯದೆ ಹಬೆಯ ಹಂಡೆಗೆ ಹಾಕಿ ಬೇಯಿಸುವುದೂ ಶಹಾತನ ಕೆಲಸವೇ. ಎಂಬತ್ತೇಳರ ನವೆಂಬರಿನಲ್ಲಿ ಒಂದು ದಿನ ಅವನು ನನ್ನನ್ನು ಕರೆದ. ಅವನ ಮೂಲೆಯಲ್ಲಿದ್ದ ಹಳೆಯ ಸೂಕ್ಷ್ಮದರ್ಶಕದ ಕೆಳಗೆ ಅಂಥದ್ದೇ ಒಂದು ಬಾಟಲಿ ಮಲಗಿತ್ತು.

“ನೋಡು ವಜ್ದಿ, ಏನು ಕಾಣುತ್ತೆ?”

“ಕಸ ತೇಲ್ತಿದೆ.”

“ಕಸದ ಕೆಳಗೆ?”

“ನಿನ್ನ ಬೆರಳಿನ ಜಿಡ್ಡು.”

“ನಿಂಗೆ ಉಗ್ರಾಣಾನೇ ಸರಿ. ಇನ್ನೊಂಚೂರು ತಿರುಗಿಸು.”

ತಿರುಗಿಸಿದೆ. ಸತ್ತ ಕೋಶಗಳ ರಾಶಿಯ ಕೆಳಗೆ ಗಾಜಿನ ಮೇಲೆ ಏಳೆಂಟು ಕೋಶಗಳು ಎರಡೂ ತುದಿ ಚೂಪಾಗಿ, ಚಾಚಿಕೊಂಡು, ಗಟ್ಟಿಯಾಗಿ ಅಂಟಿ ಕೂತಿದ್ದವು.

“ಊರಿಗೆ ಊರೇ ಹೋಯ್ತು. ಇವು ಮಾತ್ರ ಬಿಟ್ಟಿಲ್ಲ ನೋಡು.”

“ಹಬೆಗೆ ಹಾಕು ಉಸ್ತಾ. ಅದು ಆಚೆ ಕೋಣೇದು.”

“ಹಾಕ್ತೀನಿ, ಹಾಕ್ತೀನಿ.”

ಹಾಕಲಿಲ್ಲ. ಹಳೆಯ ಸಾರು ಚೆಲ್ಲಿ ಹೊಸ ಸಾರು ತುಂಬಿ, ಬಾಟಲಿಗೆ ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಶುದ್ಧ ಕೋಣೆಯ ಬೆಚ್ಚನೆಯ ಕಪಾಟಿನಲ್ಲಿ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟ. ನಾನು ನೋಡಿದೆ. ನೋಡಿ ನಕ್ಕು ಉಗ್ರಾಣಕ್ಕೆ ಹೋದೆ.

ಮೂರು ದಿನಕ್ಕೊಮ್ಮೆ ಅವುಗಳಿಗೆ ಊಟ ಹಾಕಿದ. ಮೊದಲ ಎರಡು ವಾರ ಅವು ಸಾಯುವುದೋ ಬದುಕುವುದೋ ತೀರ್ಮಾನಿಸದವರ ಹಾಗೆ ಇದ್ದವು. ಹತ್ತು ಹುಟ್ಟಿದರೆ ಎಂಟು ಸಾಯುತ್ತಿದ್ದವು. ಆಮೇಲೆ ಹರಡತೊಡಗಿದವು. ಹೊಸ ವರ್ಷದ ಹೊತ್ತಿಗೆ ಬಾಟಲಿಯ ತಳವೆಲ್ಲ ಕಂಬಳಿ ಹಾಸಿದಂತೆ ತುಂಬಿತು, ಸಾರು ಒಳ್ಳೆಯ ಹಳದಿಗೆ ತಿರುಗಿತು. ಅದನ್ನು ನನಗೆ ತೋರಿಸುವಾಗ ಅವನ ಮುಖದಲ್ಲಿದ್ದ ಬಿಂಕ ಮಗಳ ಮದುವೆಯಲ್ಲೂ ಇರಲಿಲ್ಲ.

ಜನವರಿಯಲ್ಲಿ ಪ್ರಯೋಗಾಲಯಕ್ಕೆ ಗ್ರಹಚಾರ ಸುತ್ತಿಕೊಂಡಿತು. ಶುದ್ಧ ಕೋಶಗಳ ಬಾಟಲಿಗಳಿಗೆ ಬೂಷ್ಟು ಹತ್ತಿ ಎಲ್ಲವೂ ಹೋದವು. ಹಿಮದ ಜಾಡಿಯಲ್ಲಿ ಕಾಪಿಟ್ಟಿದ್ದ ಕೋಶಗಳನ್ನು ತೆಗೆಯೋಣವೆಂದರೆ ಅದಕ್ಕೆ ದ್ರವ ಸಾರಜನಕ ತುಂಬುವ ಲಾರಿ ಎರಡು ತಿಂಗಳಿಂದ ಬಂದಿರಲಿಲ್ಲ. ಜಾಡಿ ಒಣಗಿ, ಒಳಗಿದ್ದದ್ದೂ ಸತ್ತಿತ್ತು. ಲಸಿಕೆಯ ಕಾಲ ಹತ್ತಿರ ಬಂದಿತ್ತು, ನಿರ್ದೇಶಕರು ಕಾರಿಡಾರಿನಲ್ಲಿ ಹಾರಾಡುತ್ತಿದ್ದರು. ಆಗ ಶಹಾತ ತನ್ನ ಬಾಟಲಿಯನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಂಡು ಡಾಕ್ಟರ್ ಇಜ್ಲಾಲ್ ಅವರ ಮುಂದೆ ಹೋಗಿ ನಿಂತ. ಕೋಶಗಳ ವಿಭಾಗಕ್ಕೆ ಆ ಹೆಣ್ಣುಮಗಳೇ ಮುಖ್ಯಸ್ಥೆ.

“ಎಲ್ಲಿತ್ತು ಇದು?” ಎಂದರು ಆಕೆ.

“ಹಳೇ ತಳಿ ಡಾಕ್ಟ್ರಮ್ಮ. ನಾನೇ ಒಂದು ಎತ್ತಿಟ್ಟಿದ್ದೆ.”

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಕೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಇಷ್ಟು ಅಂದವಾದ ಕೋಶಗಳನ್ನು ತಾನು ನೋಡಿಯೇ ಇಲ್ಲ ಎಂದರು. ಒಂದು ಬಾಟಲಿ ಮೂರು ವಾರದಲ್ಲಿ ಇನ್ನೂರಾಯಿತು. ಶಹಾತ ಪ್ರಯೋಗಾಲಯವನ್ನು ಉಳಿಸಿದ ವೀರನಾದ. ನಾನು ಹೊಸ ಅಧ್ಯಾಯ ಕಟ್ಟಿದೆ. ಪ್ರಳಯ ಮುಗಿದ ಮೇಲೆ ಹಡಗಿನಿಂದ ಇಳಿದವರು ಶಹಾತ ಮತ್ತು ಏಳೆಂಟು ಇಲಿ ಕೋಶಗಳು, ಉಳಿದ ಸೃಷ್ಟಿಯೆಲ್ಲ ಆಮೇಲಿನದು ಎಂದು ಚಹದ ಹೊತ್ತಿಗೆ ಹೇಳಿದರೆ ಬಾಯ್ಲರ್ ಮನೆಯವರೂ ಬಂದು ಕೇಳುತ್ತಿದ್ದರು.

ವೈರಸ್ ಹಾಕಿದರು. ಒಂದು ದಿನವಾಯಿತು, ಎರಡಾಯಿತು, ಮೂರಾಯಿತು. ಕೋಶಗಳು ಸಾಯಲಿಲ್ಲ. ಅವು ಉಂಡವು, ಬೆಳೆದವು, ಸಾರು ಹಳದಿ ಮಾಡಿದವು. ನಾವು ಬಿದ್ದು ಬಿದ್ದು ನಕ್ಕೆವು. ಶಹಾತನ ಮಕ್ಕಳಿಗೆ ದೃಷ್ಟಿ ತಾಗುವುದಿಲ್ಲ ಎಂದೆ ನಾನು. ಇಜ್ಲಾಲ್ ನಗಲಿಲ್ಲ. ಕೈರೋದ ಗೆಳತಿಯೊಬ್ಬಳ ಪ್ರಯೋಗಾಲಯದಿಂದ ಬೇರೆ ಕೋಶಗಳ ಎರಡು ಬಾಟಲಿ ತರಲು ತಾವೇ ಹೊರಟರು.

ಆ ವಾರವೇ ಶಹಾತ ಮೊದಲ ಸಲ ಕೆಲಸಕ್ಕೆ ಒಂದೂವರೆ ಗಂಟೆ ತಡವಾಗಿ ಬಂದ.

“ಇವತ್ತೇನು, ಇಡೀ ಬೇಕರಿ ದಾರೀಲಿ ಚೆಲ್ಲಿತ್ತಾ?” ಎಂದೆ.

“ಕರು ಹೋಯ್ತು.”

ಫುಲ್ಲಾಳ ಬಾಯಿಂದ ಹಿಂದಿನ ದಿನದಿಂದ ಜೊಲ್ಲು ಹಗ್ಗದ ಹಾಗೆ ಸುರಿಯುತ್ತಿತ್ತು, ಕಾಲೂರಲು ಆಗುತ್ತಿರಲಿಲ್ಲ. ಅವಳ ಒಂದೂವರೆ ತಿಂಗಳ ಕರು ಬೆಳಿಗ್ಗೆ ಎದ್ದು ನಿಂತು, ಮೊಲೆಗೆ ಬಾಯಿ ಹಾಕಿ, ಹಾಗೆಯೇ ಕುಸಿದು ಬಿತ್ತು. ಕಾಲುಬಾಯಿ ಜ್ವರ ದೊಡ್ಡ ದನಕ್ಕೆ ಬಾಯಿ, ಗೊರಸು ಹುಣ್ಣು ಮಾಡಿ ಬಿಡುತ್ತದೆ. ಎಳೆಗರುವಿನ ಗುಂಡಿಗೆಯನ್ನೇ ಹಿಡಿಯುತ್ತದೆ. ಹತ್ತು ದಿನದಲ್ಲಿ ಕಫ್ರ್ ನಖ್ಲದಲ್ಲಿ ಹನ್ನೊಂದು ಕರು ಸತ್ತವು. ಅರ್ಧ ಊರಿನ ಮನೆಗಳಲ್ಲಿ ಹಾಲು ನಿಂತಿತು. ಜನ ಸತ್ತ ಕರುಗಳನ್ನು ವಾಡಿಕೆಯಂತೆ ಕಾಲುವೆಗೆ ಎಸೆದರು. ಕಾಲುವೆಯಲ್ಲಿ ನೀರು ಕಡಿಮೆಯಿದ್ದದ್ದರಿಂದ ಅವು ಹೋಗದೆ ಸೇತುವೆಯ ಕೆಳಗೆ ಒಂದರ ಮೇಲೊಂದು ಸೇರಿಕೊಂಡವು.

ತಂದವನು ಯಾರೆಂದು ಊರಿಗೆ ಗೊತ್ತಿತ್ತು. ದನದ ವ್ಯಾಪಾರಿ ಖಮೀಸ್, ದಕ್ಷಿಣದ ಕಡೆಯಿಂದ ದನ ತಂದು ಮಂಗಳವಾರದ ಸಂತೆಯಲ್ಲಿ ಮಾರುವವನು. ಅವನ ಗಾಡಿಗೆ ಕಲ್ಲು ಬಿದ್ದವು. ಅವನ ಹೆಂಡತಿ ನೀರಿಗೆ ಬಂದರೆ ಹೆಂಗಸರು ನಲ್ಲಿ ಬಿಟ್ಟು ಸರಿದು ನಿಂತರು. ಶುಕ್ರವಾರದ ನಮಾಜಿನ ನಂತರ ಊರು ಸೇರಿ ಅವನನ್ನು ಹೊರಗೆ ಹಾಕುವುದೆಂದು ಮಾತಾಯಿತು. ಶಹಾತನೂ ಹೂಂ ಎಂದಿದ್ದ.

ಸೋಮವಾರ ಇಜ್ಲಾಲ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ಕೈರೋದಿಂದ ತಂದ ಎರಡು ಬಾಟಲಿ ಇದ್ದವು. ಒಂದರ ಸಾರು ಹಳದಿ, ಇನ್ನೊಂದರದು ಗುಲಾಬಿಯಾಗಿ ಹಾಗೆಯೇ ಉಳಿದಿತ್ತು.

“ನಿನ್ನ ಕೋಶಗಳ ಸಾರು ಈ ಗುಲಾಬಿಯದಕ್ಕೆ ಒಂದೇ ಒಂದು ತೊಟ್ಟು ಹಾಕಿದ್ದು, ನಿನ್ನೆ ಬೆಳಿಗ್ಗೆ. ಸಂಜೆಗೆ ಒಂದೂ ಉಳಿದಿಲ್ಲ. ನಾವು ಹಾಕೋ ವೈರಸ್ಸಿಗೂ ಇಷ್ಟು ಅವಸರ ಇಲ್ಲ. ಉಸ್ತಾ, ಆ ಬಾಟಲಿ ಎಲ್ಲಿಂದ ಬಂತು?”

ಶಹಾತ ನನ್ನನ್ನು ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ.

“ಗೂಡಿಂದ” ಎಂದ. “ಹಬೆಗೆ ಹೋಗೋದಿತ್ತು. ಏಳೆಂಟು ಬದುಕಿದ್ವು ಡಾಕ್ಟ್ರಮ್ಮ, ಹಿಡ್ಕೊಂಡಿದ್ವು.”

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ನೀನು ಉಳಿಸಿದ್ದು ಕೋಶಾನ ಮಾತ್ರ ಅಲ್ಲ. ಲಕ್ಷಕ್ಕೊಂದು ಹೀಗೆ ಸಾಯದೆ ಉಳಿಯುತ್ತೆ. ಯಾಕೆ ಅಂತ ನಂಗೂ ಪೂರ್ತಿ ತಿಳೀದು. ವೈರಸ್ ಒಳಗೆ ಹೋಗಿರುತ್ತೆ, ಆದ್ರೆ ಮನೆ ಸುಡಲ್ಲ, ಒಲೆ ಹಚ್ಕೊಂಡು ಅಲ್ಲೇ ಇದ್ದುಬಿಡುತ್ತೆ. ಕೋಶ ಎರಡಾದ್ರೆ ಎರಡು ಮನೇಲೂ ಅದೇ. ದಿನ ಹೋದ ಹಾಗೆ ಕೋಶ ಗಟ್ಟಿಯಾಗುತ್ತೆ, ಹೊಸ ವೈರಸ್ ಬಂದ್ರೂ ಬಗ್ಗಲ್ಲ. ಒಳಗಿರೋದೂ ಜೊತೆಗೆ ಬದಲಾಗುತ್ತೆ. ಅವೆರಡೂ ಸುಖವಾಗಿರ್ತಾವೆ. ಹೊರಗಿನವರಿಗೆ ಮಾತ್ರ ಅದು ಮೊದಲಿಗಿಂತ ಕೆಟ್ಟದ್ದು. ನೀನು ಮೂರು ದಿನಕ್ಕೊಮ್ಮೆ ಚೆಲ್ತಿದ್ದೆಯಲ್ಲ, ಆ ಸಾರಿನ ತುಂಬ ಅದೇ ಇತ್ತು.”

“ಚೆನ್ನಾಗಿ ಉಣ್ತಿದ್ವಲ್ಲ.”

“ಉಣ್ತಾವೆ. ನೋಡೋಕೆ ನಮ್ಮ ಕೋಶಗಳಿಗಿಂತ ಚೆನ್ನಾಗೂ ಇರ್ತಾವೆ.”

ಶಹಾತ ಅಂಗಿಯ ತೋಳು ಹಿಡಿದು ನೋಡಿಕೊಂಡ. ಆಮೇಲೆ ಕೇಳಿದ: “ಬಟ್ಟೆಗೆ ಅಂಟುತ್ತಾ?”

“ಬಟ್ಟೆಗೆ, ಬೂಟಿಗೆ. ಮೂಗಿನೊಳಗೂ ಒಂದು ದಿನ ಇರುತ್ತೆ.” ಹೇಳುತ್ತಿದ್ದ ಹಾಗೆ ಆಕೆಯ ದನಿ ತಗ್ಗಿತು. “ನಿಮ್ಮೂರಲ್ಲಿ ದನ ಹೇಗಿವೆ ಉಸ್ತಾ?”

“ಹನ್ನೊಂದು” ಎಂದ ಅವನು.

ಫುಲ್ಲಾಳ ನಾಲಿಗೆಯಿಂದ ಕಳಚಿದ ಚರ್ಮ ತರಿಸಿ ಪರೀಕ್ಷೆ ಮಾಡಿದರು. ಅದರಲ್ಲಿ ಸಿಕ್ಕ ಬಗೆಯ ವೈರಸ್ ನಾಲ್ಕು ವರ್ಷದಿಂದ ದೇಶದ ಯಾವ ದನದಲ್ಲೂ ಕಂಡಿರಲಿಲ್ಲ. ನಮ್ಮ ಆಚೆ ಕೋಣೆಯಲ್ಲಿ ಮಾತ್ರ ಇತ್ತು. ಬಾಟಲಿಯಲ್ಲಿ ಬೆಳೆದ ಎಷ್ಟೋ ತಳಿಗಳು ದನದ ಮೈಯಲ್ಲಿ ಮೆತ್ತಗಾಗುತ್ತವಂತೆ. ಇದು ಆಗಿರಲಿಲ್ಲ. ನಿರ್ದೇಶಕರು ಕಡತದಲ್ಲಿ ‘ಮೂಲ ತಿಳಿದುಬಂದಿಲ್ಲ’ ಎಂದು ಬರೆಸಿ, ಶಹಾತನನ್ನು ಕರೆದು ಮೆಲ್ಲಗೆ ಹೇಳಿದರು: “ಬಾಯಿ ಮುಚ್ಕೊಂಡಿರು. ಸಂತೆಯಿಂದಲೂ ಬಂದಿರಬಹುದು, ಯಾರಿಗೆ ಗೊತ್ತು? ನಿಂಗೂ ಒಳ್ಳೇದು, ನಮಗೂ ಒಳ್ಳೇದು.”

ಇನ್ನೂರು ಬಾಟಲಿಗಳನ್ನು ಶಹಾತನೇ ಹಬೆಗೆ ಹಾಕಿದ. ಕೊನೆಯಲ್ಲಿ ಮೊದಲನೆಯ ಬಾಟಲಿ ಉಳಿಯಿತು. ಅದನ್ನು ಬೆಳಕಿಗೆ ಹಿಡಿಯಲಿಲ್ಲ, ಮುತ್ತಿಡಲಿಲ್ಲ. ಹಂಡೆಯ ಮುಚ್ಚಳ ಬಿಗಿದು, ಅದು ಬೇಯುವಷ್ಟು ಹೊತ್ತೂ ಎದುರಿಗೇ ಕೂತಿದ್ದ.

ಶುಕ್ರವಾರ ನಾನೂ ಅವನ ಜೊತೆ ಹಳ್ಳಿಗೆ ಹೋದೆ. ಮುಖಂಡನ ಮನೆಯ ಅಂಗಳದಲ್ಲಿ ಗಂಡಸರೆಲ್ಲ ಸೇರಿದ್ದರು, ಗೋಡೆಯಾಚೆ ಹೆಂಗಸರಿದ್ದರು. ನಡುವೆ ಖಮೀಸ್ ಒಬ್ಬನೇ ಕುಕ್ಕರಗಾಲಲ್ಲಿ ಕೂತು ನೆಲ ಕೆರೆಯುತ್ತಿದ್ದ. ತೀರ್ಮಾನ ಹೇಳುವ ಮೊದಲು ಶಹಾತ ಎದ್ದು ನಿಂತ.

“ತಂದಿದ್ದು ಖಮೀಸ್ ಅಲ್ಲ. ನಾನು.”

ಜನ ನಕ್ಕರು. “ಕೂತ್ಕೊಳ್ಳೋ ಮಾರಾಯ, ನೀನು ರೊಟ್ಟಿ ಚೂರು ತುಳಿಯೋನಲ್ಲ.”

ಅವನು ಬಾಟಲಿಯ ಕಥೆ ಹೇಳಿದ. ಚೆನ್ನಾಗಿ ಹೇಳಲು ಬರಲಿಲ್ಲ. ಇಲಿಯಂಥ ಪ್ರಾಣಿ, ಅದರ ಮೂತ್ರಪಿಂಡ, ಸಾರು, ಗೂಡು ಎಂದು ತಡವರಿಸಿದ.

“ಅಂದ್ರೆ ಇಲಿ ಮೂತ್ರಪಿಂಡ ನಿನ್ನ ಅಂಗಿ ಹಿಡ್ಕೊಂಡು ಬಂದು ನನ್ನ ಕರು ಕೊಂದಿತು ಅಂತೀಯಾ?” ಎಂದ ಒಬ್ಬ. ಮತ್ತೆ ನಗು. ಶಹಾತ ನಗುತ್ತಿಲ್ಲವೆಂದು ಗೊತ್ತಾದ ಮೇಲೆ ನಗು ಒಂದೊಂದೇ ಬಾಯಿಂದ ಇಳಿಯಿತು.

ಗೋಡೆಯಾಚೆಯಿಂದ ಹೆಂಗಸೊಬ್ಬಳು ಹೇಳಿದಳು: “ನನ್ನ ಕರುಗೆ ಮೂರೇ ದಿನ ಆಗಿತ್ತು, ಶಹಾತ.” ಅಷ್ಟೇ ಹೇಳಿದಳು.

ಖಮೀಸ್ ಎದ್ದು ಅಂಗಿ ಕೊಡವಿಕೊಂಡ. “ಹತ್ತು ದಿನ ನನ್ನ ಮುಖಕ್ಕೆ ಉಗಿದ್ರಲ್ಲ, ಅದನ್ನ ಯಾರ್ಯಾರು ವಾಪಸ್ ತಗೋತೀರಿ, ಸಾಲಾಗಿ ಬನ್ನಿ” ಎಂದು ಹೊರಟುಹೋದ.

ಆ ಬಾಟಲಿಯನ್ನು ಮೊದಲ ದಿನವೇ ನೋಡಿದ ಇನ್ನೊಬ್ಬನೂ ಅಂಗಳದಲ್ಲಿದ್ದ. ಅವನು ಏಳಲಿಲ್ಲ. ಎಷ್ಟೋ ಕಥೆ ಕಟ್ಟಿದ ಬಾಯಿ ಅಂದು ಅಂಟಿಕೊಂಡಿತ್ತು.

ಊರು ಶಹಾತನಿಗೆ ಶಿಕ್ಷೆ ಕೊಡಲಿಲ್ಲ. ಅವನ ಸಲಾಮಿಗೆ ಉತ್ತರ ಕೊಡುವುದನ್ನು ಬಿಟ್ಟಿತು, ಅಷ್ಟೇ. ಪ್ರಯೋಗಾಲಯದಲ್ಲಿ ಅವನನ್ನು ಕೋಶಗಳಿಂದ ತೆಗೆದು ಗೇಟಿಗೆ ಹಾಕಿದರು. ಸತ್ತ ದನಗಳನ್ನು ಸುಣ್ಣ ಹಾಕಿ ಆಳದಲ್ಲಿ ಹೂಳಬೇಕು ಎಂದು ಇಜ್ಲಾಲ್ ಹೇಳಿದ್ದರಿಂದ, ಅವನು ಕಾಲುವೆಗೆ ಇಳಿದು ಉಬ್ಬಿದ ಕರುಗಳನ್ನು ಒಂದೊಂದಾಗಿ ಎಳೆದು ತಂದ. ಹನ್ನೊಂದು ಗುಂಡಿ ತೋಡಿದ. ಸೇತುವೆಯ ಮೇಲೆ ನಿಂತು ಜನ ನೋಡಿದರು. ಖಮೀಸ್ ಒಂದು ಗುದ್ದಲಿ ಕೊಟ್ಟ, ಸಂಜೆಗೆ ತೊಳೆದು ವಾಪಸ್ ತರಬೇಕೆಂದು ಹೇಳಿಯೇ ಕೊಟ್ಟ.

ಉಳಿದದ್ದು ಫುಲ್ಲಾ. ಹುಣ್ಣು ಒಣಗಿ ಅವಳು ಬರ್ಸೀಮ್ ಸೊಪ್ಪನ್ನು ಮೊದಲಿನ ಹಾಗೆ ಬಾಚಿ ಮೇಯತೊಡಗಿದ್ದಳು. ಇಜ್ಲಾಲ್ ಬಂದು ನೋಡಿ, ವಾಸಿಯಾದ ಎಮ್ಮೆಯ ಗಂಟಲಲ್ಲೂ ವೈರಸ್ ಒಂದು ವರ್ಷ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ಉಳಿದಿರಬಹುದು ಎಂದರು. ಬೇರೆಯವಕ್ಕೆ ಹರಡುತ್ತದೆಯೋ ಇಲ್ಲವೋ ಖಚಿತವಾಗಿ ಹೇಳಲಾಗದು, ಕೊಲ್ಲಲೇಬೇಕೆಂಬ ಕಾನೂನೂ ಇಲ್ಲ, ಯೋಚಿಸು ಎಂದು ಹೋದರು.

ಶಹಾತ ಹಗ್ಗ ಬಿಚ್ಚಿದ. ಅವನ ಹೆಂಡತಿ ಸನಿಯ್ಯ ಬಾಗಿಲಿಗೆ ಅಡ್ಡ ನಿಂತಳು. ಅವಳ ಮನೆಯ ಹಾಲು, ಬೆಣ್ಣೆ, ಗಿಣ್ಣು ಎಲ್ಲವೂ ಆ ಎಮ್ಮೆಯೇ.

“ಇಲಿ ಮೂತ್ರಪಿಂಡಕ್ಕೆ ಮುತ್ತು ಕೊಟ್ಟೆ, ನನ್ನ ಎಮ್ಮೆಗೆ ಚೂರಿ ಕೊಡ್ತೀಯಾ? ಕಣ್ಣು ಬಿಟ್ಟು ನೋಡು, ಎಷ್ಟು ಚೆನ್ನಾಗಿ ಮೇಯ್ತಿದಾಳೆ.”

“ಅವೂ ಚೆನ್ನಾಗಿ ಉಣ್ತಿದ್ವು” ಎಂದ ಶಹಾತ.

ಸನಿಯ್ಯ ಪಕ್ಕಕ್ಕೆ ಸರಿದಳು. ಸರಿದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಕಟುಕನ ಅಂಗಡಿಯವರೆಗೆ ನಾನೂ ನಡೆದೆ. ದಾರಿಯುದ್ದಕ್ಕೂ ಫುಲ್ಲಾ ಅವನ ತೋಳು ನೆಕ್ಕುತ್ತಿದ್ದಳು. ಹಗ್ಗವನ್ನು ಕಟುಕನ ಕೈಗೆ ಕೊಟ್ಟು ಅವನು ತಿರುಗಿ ನೋಡದೆ ಬಂದ. ನನ್ನನ್ನು ರೈಲಿಗೆ ಬಿಡಲು ಜೊತೆಗೇ ನಡೆದ. ಹಳ್ಳಿಯ ನಿಲ್ದಾಣದ ಹತ್ತಿರ, ದಾರಿಯ ನಟ್ಟನಡುವೆ, ಅಂಗೈಯಗಲದ ರೊಟ್ಟಿ ತುಂಡೊಂದು ಬಿದ್ದಿತ್ತು. ಶಹಾತ ಅದನ್ನು ನೋಡಿದ. ನೋಡಿ, ಪಕ್ಕಕ್ಕೆ ಹೆಜ್ಜೆಯಿಟ್ಟು, ದಾಟಿ ಹೋದ.

ಇಪ್ಪತ್ತೆರಡು ವರ್ಷದ ಪುರಾಣ ಕಣ್ಣೆದುರೇ ಮುಗಿದುಹೋಯಿತಲ್ಲ ಎನಿಸಿತು. ಬದುಕಿ ಅಂಟಿಕೊಂಡದ್ದನ್ನೆಲ್ಲ ಎತ್ತಿಡಬಾರದೆಂದು ಈ ಮನುಷ್ಯನಿಗೆ ಕೊನೆಗೂ ಮನಸ್ಸು ಕಲ್ಲಾಯಿತೇ? ಇನ್ನು ದಮನ್‌ಹೂರಿನ ಗುಬ್ಬಚ್ಚಿಗಳ ಗತಿಯೇನು? ನಾನು ಓಡಿ ಹೋಗಿ ಅವನ ತೋಳು ಹಿಡಿದೆ.

“ಉಸ್ತಾ, ರೊಟ್ಟಿ ನೋಡಿದೆ. ನೋಡಿಯೂ ಬಿಟ್ಟು ಬಂದೆ. ನಿಜ ಹೇಳು, ಯಾಕೆ?”

“ಗುಂಡಿ ತೋಡಿ ಸೊಂಟ ಹಿಡ್ಕೊಂಡಿದೆ ಕಣಯ್ಯ, ಬಗ್ಗೋಕಾಗಲ್ಲ. ಹೋಗು, ನೀನೇ ಎತ್ತಿಟ್ಟು ಬಾ.”